ಖಾನಾಪುರದ ಗಿರಾಕಿಗೆ ಬೆಲೆ ಕಟ್ಟಿದವರು ಯಾರು?

ಬೆಳಗಾವಿಯ ಪೇಟೆಯಲ್ಲಿ ನನ್ನ ತಂಗಿಯ ಮಗನದೊಂದು ಸಿಹಿತಿಂಡಿ ಅಂಗಡಿಯಿದೆ. ಕುಂದಾ ಅದರ ಮುಖ್ಯ ಸರಕು. ಕೆಲವು ವರ್ಷಗಳಿಂದ ಅವನು ಅಂತರ್ಜಾಲದಲ್ಲಿ ಜಾಹೀರಾತು ನೀಡುತ್ತಿದ್ದಾನೆ. ಕಳೆದ ಸಲ ಗಣೇಶ ಚತುರ್ಥಿಗೆ ಇನ್ನೂ ಒಂದು ತಿಂಗಳಿರುವಾಗ, ಜಾಹೀರಾತಿನ ಉಸ್ತುವಾರಿ ನೋಡಿಕೊಳ್ಳುವ ಸಂಸ್ಥೆ ಕಳುಹಿಸಿದ ವರದಿಯೊಂದನ್ನು ಹಿಡಿದುಕೊಂಡು ಮನೆಗೆ ಬಂದ. ಅದರಲ್ಲಿ ಊರುವಾರು ಕೋಷ್ಟಕವಿತ್ತು: ಜಾಹೀರಾತು ಎಷ್ಟು ಬಾರಿ ತೆರೆಯ ಮೇಲೆ ಮೂಡಿತು, ಎಷ್ಟು ಮಂದಿ ಅದನ್ನು ಒತ್ತಿ ಒಳಹೊಕ್ಕರು, ಎಷ್ಟು ಖರ್ಚಾಯಿತು. ಕೊನೆಯ ಅಂಕಣದಲ್ಲಿ ಆಯಾ ಊರಿನ ಒಬ್ಬ ಗಿರಾಕಿಯಿಂದ ಮುಂದಿನ ವರ್ಷಗಳಲ್ಲಿ ಬರಬಹುದಾದ ಒಟ್ಟು ಲಾಭದ ಅಂದಾಜು. ಬೆಳಗಾವಿ ನಗರದ ಎದುರು ದೊಡ್ಡ ಅಂಕಿ. ಖಾನಾಪುರದ ಎದುರು ಅದರ ಕಾಲುಭಾಗವೂ ಇರಲಿಲ್ಲ. ಕೆಳಗೆ ಒಂದು ಸಾಲಿನ ಸಲಹೆ: ಖಾನಾಪುರವನ್ನು ಕೈಬಿಟ್ಟು ಆ ಹಣವನ್ನೂ ನಗರಕ್ಕೇ ತೊಡಗಿಸುವುದು ಲೇಸು.

‘ಮಾಮಾ, ಖಾನಾಪುರದ ಮಂದಿಗೆ ಕಿಮ್ಮತ್ತಿಲ್ಲಂತ ಬರದಾರ. ಬಂದ್ ಮಾಡಲೇನು?’ ಎಂದು ಅವನು ಕೇಳಿದ.

ಪ್ರಶ್ನೆ ಒಂದು ಅಂಗಡಿಯ ಕೆಲವು ಸಾವಿರ ರೂಪಾಯಿಗೆ ಸಂಬಂಧಿಸಿದ್ದು. ಆದರೆ ಅದರ ಹಿಂದಿರುವ ಲೆಕ್ಕಾಚಾರ ಇಂದು ದೇಶದ ಪ್ರತಿಯೊಂದು ಮೊಬೈಲ್ ಫೋನಿನ ಮೇಲೂ, ಅದನ್ನು ಹಿಡಿದವರಿಗೆ ತಿಳಿಯದಂತೆ ನಡೆಯುತ್ತಿದೆ. ಆದ್ದರಿಂದ ಈ ಲೆಕ್ಕ ಏನೆಂಬುದನ್ನು ವ್ಯಾಪಾರಿಗಳಷ್ಟೇ ಅಲ್ಲ, ನಾಗರಿಕರೂ ಅರಿಯಬೇಕಾಗಿದೆ.

ಗಿರಾಕಿಯ ದೀರ್ಘಕಾಲೀನ ಮೌಲ್ಯ ಎಂಬ ಕಲ್ಪನೆ ನಮ್ಮ ಭಾಗದ ವ್ಯಾಪಾರಿಗಳಿಗೆ ಹೊಸದೇನಲ್ಲ. ಕೀರ್ದಿಯಲ್ಲಿ ಅಂದಂದಿನ ವ್ಯವಹಾರ, ಖತಾವಣಿಯಲ್ಲಿ ಗಿರಾಕಿವಾರು ಲೆಕ್ಕ ಬರೆದಿಡುತ್ತಿದ್ದ ಹಿರಿಯರು ಖತಾವಣಿಯ ಪುಟ ತಿರುವಿ ನೋಡಿದ ಮೇಲೆಯೇ ಉದ್ರಿ ಕೊಡುತ್ತಿದ್ದರು. ಅರ್ಥಶಾಸ್ತ್ರ ಅದನ್ನೇ ಸೂತ್ರಕ್ಕೆ ಅಳವಡಿಸಿತು. ಒಬ್ಬ ಗಿರಾಕಿ ವರ್ಷಕ್ಕೆ 4 ಬಾರಿ ಬಂದು ಪ್ರತಿ ಸಲ 500 ರೂಪಾಯಿಯ ಸರಕು ಕೊಳ್ಳುತ್ತಾನೆ, ಅದರಲ್ಲಿ ಶೇ 20ರಷ್ಟು ಲಾಭ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 400 ರೂಪಾಯಿಯಂತೆ 5 ವರ್ಷಕ್ಕೆ 2,000 ರೂಪಾಯಿ. ಮುಂದೆ ಬರುವ ರೂಪಾಯಿಗೆ ಇಂದಿನ ರೂಪಾಯಿಯಷ್ಟು ಬೆಲೆಯಿಲ್ಲವಾದ್ದರಿಂದ ವರ್ಷಕ್ಕೆ ಶೇ 10ರಂತೆ ಬಡ್ಡಿ ಕಳೆದರೆ ಇಂದಿನ ಮೌಲ್ಯ ಸುಮಾರು 1,516 ರೂಪಾಯಿ. ಅಂದರೆ ಇಂಥ ಒಬ್ಬ ಹೊಸ ಗಿರಾಕಿಯನ್ನು ಸಂಪಾದಿಸಲು 1,500 ರೂಪಾಯಿವರೆಗೆ ಖರ್ಚು ಮಾಡಿದರೂ ನಷ್ಟವಿಲ್ಲ.

ಹೊಸತೇನೆಂದರೆ ಈ ಲೆಕ್ಕವನ್ನು ಈಗ ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಹಾಕಲಾಗುತ್ತಿದೆ. ಫೋನಿನ ತೆರೆಯ ಮೇಲೆ ಜಾಹೀರಾತು ಒಮ್ಮೆ ಮೂಡುವುದನ್ನು ಆ ಉದ್ಯಮದವರು ‘ಇಂಪ್ರೆಷನ್’ ಎನ್ನುತ್ತಾರೆ. ನಾವು ಒಂದು ಸುದ್ದಿಯನ್ನೋ ಆಟವನ್ನೋ ತೆರೆದಾಗ ಅಲ್ಲಿರುವ ಖಾಲಿ ಜಾಗ ಹರಾಜಿಗೆ ಬರುತ್ತದೆ. ಫೋನು ಯಾವ ಬಗೆಯದು, ಯಾವ ಊರಿನಲ್ಲಿದೆ, ಹಗಲೋ ರಾತ್ರಿಯೋ, ಈ ಮೊದಲು ಏನೇನು ನೋಡಲಾಗಿದೆ ಎಂಬ ಕುರುಹುಗಳು ಹರಾಜುಗಾರರಿಗೆ ತಲುಪುತ್ತವೆ. ಅದೇ ಕುರುಹುಗಳುಳ್ಳ ಇತರರು ಹಿಂದೆ ಎಷ್ಟು ಖರೀದಿಸಿದ್ದರು ಎಂಬುದರ ಮೇಲೆ ಯಂತ್ರ ನಮ್ಮ ಮುಂದಿನ ವರ್ಷಗಳ ಖರೀದಿಯನ್ನು ಊಹಿಸಿ ಸವಾಲು ಕೂಗುತ್ತದೆ. ಇದೆಲ್ಲ ಮುಗಿಯುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. 1,000 ಇಂಪ್ರೆಷನ್‌ಗಳಿಂದ ಒಬ್ಬ ಹೊಸ ಗಿರಾಕಿ ಬರುತ್ತಾನೆಂದು ಯಂತ್ರ ಊಹಿಸಿದರೆ, ಮೇಲಿನ ಉದಾಹರಣೆಯಲ್ಲಿ ಒಂದು ಇಂಪ್ರೆಷನ್ನಿನ ಬೆಲೆ ಗರಿಷ್ಠ ಒಂದೂವರೆ ರೂಪಾಯಿ. 2,000ಕ್ಕೆ ಒಬ್ಬನೆಂದು ಊಹಿಸಿದರೆ ಅದರ ಅರ್ಧ. ಇಷ್ಟು ಸಣ್ಣ ಸಂಭವನೀಯತೆಗಳ ನಡುವಿನ ಅಂತರವೇ ಒಂದು ಊರನ್ನು ಉಳಿಸಿಕೊಳ್ಳಬೇಕೋ ಕೈಬಿಡಬೇಕೋ ಎಂಬುದನ್ನು ನಿರ್ಧರಿಸುತ್ತದೆ.

ಈ ಊಹೆ ಎಷ್ಟು ಗಟ್ಟಿ? ಮೊದಲಿಗೆ, ಎಣಿಸಿದ್ದೆಲ್ಲ ಕಂಡದ್ದಲ್ಲ. ಜಾಹೀರಾತಿನ ಅರ್ಧಭಾಗ ಒಂದು ಸೆಕೆಂಡು ತೆರೆಯ ಮೇಲಿದ್ದರೆ ಅದನ್ನು ‘ನೋಡಬಹುದಾದ’ ಇಂಪ್ರೆಷನ್ ಎಂದು ಲೆಕ್ಕಕ್ಕೆ ಹಿಡಿಯುವುದು ಆ ಉದ್ಯಮದ ಒಪ್ಪಿತ ಮಾನದಂಡ. ಚಲಿಸುವ ಬಸ್ಸಿನಲ್ಲಿ ಹೆಬ್ಬೆರಳಿನಿಂದ ತೆರೆಯನ್ನು ಮೇಲಕ್ಕೆ ತಳ್ಳುತ್ತಿರುವವನು ಅದನ್ನು ಓದಿದನೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಎರಡನೆಯದಾಗಿ, ಕಾರಣ ಮತ್ತು ಜೊತೆಯಿರುವಿಕೆಗಳ ನಡುವಣ ಗೊಂದಲ. ಜೂನ್ ತಿಂಗಳಲ್ಲಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋದರೆ ಎಲ್ಲರ ಕೈಯಲ್ಲೂ ಛತ್ರಿ ಕಾಣುತ್ತದೆ, ಮಳೆಯೂ ಸುರಿಯುತ್ತಿರುತ್ತದೆ. ಛತ್ರಿಯೇ ಮಳೆ ತಂದಿತೆಂದು ಯಾರೂ ಹೇಳುವುದಿಲ್ಲ. ಆದರೆ ಯಂತ್ರ ಹೇಗೂ ಕೊಳ್ಳಲಿದ್ದವರನ್ನೇ ಹುಡುಕಿ ಅವರಿಗೆ ಜಾಹೀರಾತು ತೋರಿಸುತ್ತದೆ, ಅವರು ಕೊಂಡಾಗ ಕೀರ್ತಿ ಜಾಹೀರಾತಿಗೆ ಸಲ್ಲುತ್ತದೆ. ಈ ಅನುಮಾನವನ್ನು ಇ-ಬೇ ಕಂಪೆನಿ ಪ್ರಯೋಗಕ್ಕೇ ಒಡ್ಡಿತು. ಅಮೆರಿಕದ ಆಯ್ದ ಪ್ರದೇಶಗಳಲ್ಲಿ ಹುಡುಕು-ಜಾಹೀರಾತುಗಳನ್ನು ನಿಲ್ಲಿಸಿ, ಉಳಿದೆಡೆ ಮುಂದುವರಿಸಿ ಹೋಲಿಸಿ ನೋಡಿತು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ ಮತ್ತು ಸ್ಟೀವನ್ ಟಡೆಲಿಸ್ 2015ರಲ್ಲಿ ‘ಇಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪದೇಪದೇ ಕೊಳ್ಳುವ ಹಳೆಯ ಗಿರಾಕಿಗಳ ಮೇಲೆ ಜಾಹೀರಾತಿನಿಂದ ಪರಿಣಾಮವೇನೂ ಆಗಿರಲಿಲ್ಲ. ಆದರೂ ಖರ್ಚಿನ ಬಹುಪಾಲು ಹೋಗಿದ್ದು ಅಂಥವರ ಮೇಲೆಯೇ. ಪರಿಣಾಮ ಕಂಡುಬಂದದ್ದು ಹೊಸಬರ ಮೇಲೆ, ಅಪರೂಪಕ್ಕೊಮ್ಮೆ ಬರುವವರ ಮೇಲೆ. ಅಂದರೆ ಯಾರನ್ನು ‘ಕಡಿಮೆ ಮೌಲ್ಯದವರು’ ಎಂದು ಬದಿಗೆ ಸರಿಸಲಾಗುತ್ತದೆಯೋ ಅವರ ಮೇಲೆ!

ಅದೇ ವರ್ಷ ರ‍್ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ ಎಂಬ ಅರ್ಥಶಾಸ್ತ್ರಜ್ಞರು 25 ದೊಡ್ಡ ಪ್ರಯೋಗಗಳನ್ನು ಪರಿಶೀಲಿಸಿ ಇನ್ನೊಂದು ಕಹಿಸತ್ಯವನ್ನು ಮುಂದಿಟ್ಟರು. ಒಬ್ಬೊಬ್ಬರ ಖರೀದಿಯಲ್ಲಿರುವ ಏರಿಳಿತ ಎಷ್ಟು ದೊಡ್ಡದೆಂದರೆ, ಅದರೆದುರು ಜಾಹೀರಾತಿನ ಪರಿಣಾಮ ಕಾಣಿಸಿಕೊಳ್ಳುವುದೇ ಕಷ್ಟ. ಹೆಚ್ಚಿನ ಪ್ರಯೋಗಗಳಲ್ಲಿ ಲಾಭ-ನಷ್ಟಗಳನ್ನು ಖಚಿತವಾಗಿ ಬೇರ್ಪಡಿಸುವುದು ಅಪಾರ ಜನಸಂಖ್ಯೆಯ ಮಾಹಿತಿಯಿದ್ದರೂ ಸಾಧ್ಯವಾಗಲಿಲ್ಲ. ಅಮೆರಿಕದ ದೈತ್ಯ ಕಂಪೆನಿಗಳ ಸ್ಥಿತಿಯೇ ಹೀಗಿರುವಾಗ, ಬೆಳಗಾವಿಯ ಒಂದು ಅಂಗಡಿಗಾಗಿ ಖಾನಾಪುರದ ಗಿರಾಕಿಯ ಐದು ವರ್ಷಗಳ ಮೌಲ್ಯವನ್ನು ರೂಪಾಯಿ ಪೈಸೆಗಳಲ್ಲಿ ಮುದ್ರಿಸಿ ಕೊಡುವ ಧೈರ್ಯಕ್ಕೆ ಏನೆನ್ನೋಣ?

ಈಗ ಖಾನಾಪುರಕ್ಕೇ ಬರೋಣ. ಬೆಳಗಾವಿಯಿಂದ ಅದು ಸುಮಾರು 26 ಕಿಲೊಮೀಟರ್. ನೌಕರಿಗೆ, ಕಾಲೇಜಿಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಅಲ್ಲಿನವರು ಬಸ್ಸಿನಲ್ಲಿ, ರೈಲಿನಲ್ಲಿ ಬೆಳಗಾವಿಗೆ ಬರುತ್ತಾರೆ. ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಂಪರ್ಕ ಇಂದಿಗೂ ಅಸ್ಥಿರ. ಅನೇಕ ಮನೆಗಳಲ್ಲಿ ಒಂದೇ ಫೋನು ತಂದೆಯ ಕೈಯಿಂದ ಮಗನ ಕೈಗೆ, ಮಗನಿಂದ ಸೊಸೆಯ ಕೈಗೆ ಸಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಅವರೆಲ್ಲ ಒಬ್ಬನೇ ಗಿರಾಕಿ.

ನಾನು ಅಳಿಯನಿಗೆ ಕೇಳಿದೆ: ಖಾನಾಪುರದವರು ನಿನ್ನ ಅಂಗಡಿಗೆ ಬರುವುದೇ ಇಲ್ಲವೇ? ಅವನು ನಕ್ಕ. ಹಬ್ಬದ ಮುಂಚಿನ ವಾರ ಮಧ್ಯಾಹ್ನದ ವೇಳೆ ಅಂಗಡಿಯ ಮುಂದೆ ನಿಲ್ಲುವವರಲ್ಲಿ ಖಾನಾಪುರ, ನಂದಗಡ, ಜಾಂಬೋಟಿ ಕಡೆಯವರು ಬಹಳ. ಲಗ್ನದ ದೊಡ್ಡ ಆರ್ಡರುಗಳು ಬರುವುದೂ ಆ ಕಡೆಯಿಂದಲೇ. ಆದರೆ ಅವರು ಕೊಡುವುದು ನಗದು. ಜಾಹೀರಾತು ನೋಡಿದ್ದು ಊರಿನಲ್ಲಿ, ಕೊಂಡಿದ್ದು ಬೆಳಗಾವಿಯ ಅಂಗಡಿಯಲ್ಲಿ; ಈ ಎರಡನ್ನೂ ಕೂಡಿಸುವ ದಾರ ಯಂತ್ರದ ಬಳಿ ಇಲ್ಲ. ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಅಂಗಡಿಯ ದಾರಿ ಹುಡುಕಲು ಫೋನು ತೆರೆದರಂತೂ ಆ ಗಿರಾಕಿ ಬೆಳಗಾವಿ ನಗರದ ಸಾಲಿಗೇ ಸೇರಿಹೋಗುತ್ತಾನೆ. ಕೋಷ್ಟಕದಲ್ಲಿ ನಗರದ ಅಂಕಿ ದೊಡ್ಡದಾಗಿ ಕಂಡದ್ದರಲ್ಲಿ ಖಾನಾಪುರದ ಪಾಲೆಷ್ಟಿದೆಯೋ ಬಲ್ಲವರಾರು!

ತಪ್ಪು ಅಂದಾಜು ತಪ್ಪಾಗಿಯೇ ಉಳಿದಿದ್ದರೆ ಒಂದಲ್ಲ ಒಂದು ದಿನ ತಿದ್ದಿಕೊಳ್ಳಬಹುದಿತ್ತು. ಇಲ್ಲಿನ ಅಪಾಯ ಬೇರೆ. ಖಾನಾಪುರದವರ ಮೌಲ್ಯ ಕಡಿಮೆಯೆಂದು ಯಂತ್ರ ಊಹಿಸುತ್ತದೆ. ಆದ್ದರಿಂದ ಅವರಿಗೆ ಜಾಹೀರಾತು ತೋರಿಸುವುದಿಲ್ಲ. ತೋರಿಸದ ಕಾರಣ ಅಲ್ಲಿಂದ ಹೊಸ ಖರೀದಿ ದಾಖಲಾಗುವುದಿಲ್ಲ. ದಾಖಲಾಗದ ಕಾರಣ ಊಹೆ ನಿಜವೆಂದು ಸಾಬೀತಾಗುತ್ತದೆ. ಗುಂಪಿನ ಸರಾಸರಿಯಿಂದ ವ್ಯಕ್ತಿಯನ್ನು ಅಳೆಯುವ ಈ ಪ್ರವೃತ್ತಿ ತಾರತಮ್ಯಕ್ಕೆ ಹೇಗೆ ದಾರಿಯಾಗುತ್ತದೆ ಎಂಬುದನ್ನು ಎಡ್ಮಂಡ್ ಫೆಲ್ಪ್ಸ್ 1972ರಷ್ಟು ಹಿಂದೆಯೇ ಉದ್ಯೋಗ ಮಾರುಕಟ್ಟೆಯನ್ನು ಕುರಿತು ವಿವರಿಸಿದ್ದರು. ಯಾರ ಮನಸ್ಸಿನಲ್ಲೂ ದ್ವೇಷವಿರಬೇಕಾಗಿಲ್ಲ. ಪಿನ್‌ಕೋಡ್ 590001 ಇದೆಯೋ, 591ರಿಂದ ಆರಂಭವಾಗುತ್ತದೆಯೋ ಎಂಬಷ್ಟೇ ಸಾಕು.

ಕುಂದಾದ ಜಾಹೀರಾತು ಕಾಣದೆ ಹೋದರೆ ಯಾರಿಗೂ ಹಾನಿಯಿಲ್ಲ ಎನ್ನಬಹುದು. ಆದರೆ ನೌಕರಿ, ತರಬೇತಿ, ವಿದ್ಯಾರ್ಥಿವೇತನ, ಕಡಿಮೆ ಬಡ್ಡಿಯ ಸಾಲಗಳ ಜಾಹೀರಾತುಗಳೂ ಇದೇ ಹರಾಜಿನ ಮೂಲಕವೇ ಸಾಗುತ್ತವೆ. ದಿನಪತ್ರಿಕೆಯಲ್ಲಿ ಬಂದ ನೌಕರಿಯ ಜಾಹೀರಾತನ್ನು ಬೆಳಗಾವಿಯ ಕ್ಯಾಂಪ್ ಪ್ರದೇಶದ ಮನೆಯವರೂ ಖಾನಾಪುರ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಕುಳಿತವರೂ ಒಂದೇ ಅಳತೆಯಲ್ಲಿ ಓದುತ್ತಾರೆ. ಫೋನಿನ ತೆರೆಯಲ್ಲಿ ಆ ಸಮಾನತೆ ಇಲ್ಲ. ತನಗೆ ಏನನ್ನು ತೋರಿಸಲಿಲ್ಲ ಎಂಬುದು ಅಲ್ಲಿನ ಯುವಕನಿಗೆ ತಿಳಿಯುವ ಉಪಾಯವೂ ಇಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ‘ಮೌಲ್ಯ’ ಎಂದರೆ ಯಾರಿಗೆ ಮೌಲ್ಯ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಕಂಪೆನಿಗೆ ಅತ್ಯಂತ ಮೌಲ್ಯವುಳ್ಳ ಗಿರಾಕಿ ಯಾರು? ಸೋತರೂ ಬಿಡದೆ ಮತ್ತೆ ಮತ್ತೆ ಆಡುವವನು. ಅಂಥವರನ್ನು ಮೊದಲ ಕೆಲವು ದಿನಗಳ ಕುರುಹುಗಳಿಂದಲೇ ಗುರುತಿಸುವ ಊಹೆ ಎಷ್ಟು ನಿಖರವಾದರೆ ಅಷ್ಟು ಕುಟುಂಬಗಳಿಗೆ ಕೇಡು. ಕರ್ನಾಟಕ ಸರ್ಕಾರ 2021ರಲ್ಲಿ ಇಂಥ ಆಟಗಳನ್ನು ನಿಷೇಧಿಸಲು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಜಾಹೀರಾತನ್ನೂ ಸೇರಿಸಿದ್ದು ವಿವೇಕದ ಹೆಜ್ಜೆ.

ಊಹೆ ನಿಖರವಾಗಬೇಕಾದರೆ ಕುರುಹುಗಳು ಹೆಚ್ಚಬೇಕು. ಆ ಹಸಿವು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2007ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಇನ್‌ಮೊಬಿ, ಮೊಬೈಲ್ ಜಾಹೀರಾತಿನ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದ ಕಂಪೆನಿ. ಅದರ ಜಾಲ ನೂರು ಕೋಟಿಗೂ ಹೆಚ್ಚು ಸಾಧನಗಳನ್ನು ತಲುಪಿತ್ತು. 2016ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಆರೋಪ ಹೊರಿಸಿತು: ಬಳಕೆದಾರರು ಸ್ಥಳ ಮಾಹಿತಿಗೆ ಅನುಮತಿ ನಿರಾಕರಿಸಿದ್ದರೂ, ಸುತ್ತಲಿನ ವೈ-ಫೈ ಜಾಲಗಳ ಗುರುತಿನಿಂದ ಅವರಿರುವ ಜಾಗವನ್ನು ಊಹಿಸಲಾಗುತ್ತಿತ್ತು, ಮಕ್ಕಳನ್ನೂ ಬಿಟ್ಟಿರಲಿಲ್ಲ. ಕಂಪೆನಿ 9,50,000 ಡಾಲರ್ ದಂಡ ತೆತ್ತು, ಹಾಗೆ ಸಂಗ್ರಹಿಸಿದ ಮಾಹಿತಿಯನ್ನು ಅಳಿಸಿಹಾಕಲು, 20 ವರ್ಷಗಳ ಕಾಲ ಎರಡು ವರ್ಷಕ್ಕೊಮ್ಮೆ ಸ್ವತಂತ್ರ ತಪಾಸಣೆಗೆ ಒಳಪಡಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಕಂಪೆನಿ ಬೆಂಗಳೂರಿನದು, ತಡೆದ ಸಂಸ್ಥೆ ವಾಷಿಂಗ್‌ಟನ್ನಿನದು. ಇದು ನಮ್ಮನ್ನು ಯೋಚನೆಗೆ ಹಚ್ಚಬೇಕು.

ಸರ್ಕಾರವೂ ಜನರಿಗೆ ಅಂಕ ಕೊಟ್ಟಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 2002ರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಗಣತಿಯಲ್ಲಿ ಜಮೀನು, ಮನೆ, ಬಟ್ಟೆ, ಆಹಾರ, ಸಾಲ, ವಲಸೆ ಮುಂತಾದ 13 ಸೂಚಕಗಳಿಗೆ ಸೊನ್ನೆಯಿಂದ 4ರವರೆಗೆ ಅಂಕ ನೀಡಿ, ಒಟ್ಟು 52ಕ್ಕೆ ಪ್ರತಿ ಗ್ರಾಮೀಣ ಕುಟುಂಬವನ್ನು ಅಳೆಯಲಾಯಿತು. ಅದೂ ಕುರುಹುಗಳಿಂದ ಕಟ್ಟಿದ ಅಂದಾಜೇ. ಸೇವೆಯಲ್ಲಿದ್ದಾಗ ಖಾನಾಪುರ ತಾಲ್ಲೂಕಿನ ಗ್ರಾಮಸಭೆಯೊಂದರಲ್ಲಿ ಆ ಪಟ್ಟಿಯ ಆಕ್ಷೇಪಣೆಗಳನ್ನು ಕೇಳಲು ನಾನು ಕುಳಿತಿದ್ದೆ. ಒಬ್ಬ ವಿಧವೆ ಎದ್ದು ನಿಂತು, ‘ಸಾಹೇಬ್ರ, ಹೆಂಚಿನ ಮನಿ ನಂದಲ್ಲ, ನಮ್ಮ ಅಣ್ಣಂದು. ಪಡಸಾಲ್ಯಾಗ ಮಲಗಾಕ ಜಾಗಾ ಕೊಟ್ಟಾನ, ಅಷ್ಟ’ ಎಂದಳು. ಅಣ್ಣನೂ ಅಲ್ಲಿಯೇ ಇದ್ದ, ಊರಿನವರು ಹೌದೆಂದರು. ಒಂದು ಅಂಕಿ ಬದಲಾಯಿತು, ಅವಳ ಹೆಸರು ಪಟ್ಟಿಗೆ ಸೇರಿತು. ಆ ಗಣತಿಯಲ್ಲಿ ತಪ್ಪುಗಳು ಬೇಕಾದಷ್ಟಿದ್ದವು, ಅದನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಅಂಕ ಎಷ್ಟೆಂದು ಆಕೆಗೆ ತಿಳಿದಿತ್ತು, ಏಕೆಂದು ಕೇಳಲು ಒಂದು ಸಭೆಯಿತ್ತು, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಎದುರಿಗಿದ್ದ. ಜಾಹೀರಾತಿನ ಯಂತ್ರ ಕೊಡುವ ಅಂಕಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು; 2025ರ ನವೆಂಬರ್‌ನಲ್ಲಿ ನಿಯಮಗಳ ಅಧಿಸೂಚನೆ ಹೊರಟಿತು, ಕಂಪೆನಿಗಳ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ತನ್ನ ಮಾಹಿತಿಯ ಸಾರಾಂಶ ಪಡೆಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ಕಾಯಿದೆ ಕೊಡುತ್ತದೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಇವು ಸ್ವಾಗತಾರ್ಹ. ಆದರೆ ನಾನು ಕೊಟ್ಟ ಮಾಹಿತಿ ಬೇರೆ, ಅದರಿಂದ ನನ್ನ ಬಗ್ಗೆ ಮತ್ತೊಬ್ಬರು ಊಹಿಸಿದ ಅಂಕ ಬೇರೆ. ಆ ಅಂಕವೂ ನನಗೆ ಸಂಬಂಧಿಸಿದ ಮಾಹಿತಿಯೇ, ಅದನ್ನು ಕೇಳಿ ತಿಳಿಯುವ, ಪ್ರಶ್ನಿಸುವ ಹಕ್ಕು ನನಗಿದೆ ಎಂಬುದನ್ನು ಸರ್ಕಾರ ಸ್ಪಷ್ಟ ಮಾತುಗಳಲ್ಲಿ ಹೇಳಬೇಕು. ನೌಕರಿ, ಶಿಕ್ಷಣ, ಸಾಲಗಳ ಜಾಹೀರಾತುಗಳನ್ನು ಪಿನ್‌ಕೋಡ್ ಆಧಾರದ ಮೇಲೆ ತಡೆಹಿಡಿಯಲಾಗಿದ್ದರೆ ಆ ಅಂಶವನ್ನು ಬಹಿರಂಗಪಡಿಸುವುದು ಕಡ್ಡಾಯವಾಗಬೇಕು. ಸರ್ಕಾರಿ ಇಲಾಖೆಗಳು ತಮ್ಮ ಯೋಜನೆಗಳಿಗೆ ಅಂತರ್ಜಾಲದಲ್ಲಿ ಜಾಹೀರಾತು ನೀಡುವಾಗ ಒಟ್ಟು ಇಂಪ್ರೆಷನ್ ಎಷ್ಟೆಂದು ಕೇಳಿ ತೃಪ್ತರಾಗದೆ, ತಾಲ್ಲೂಕುವಾರು ಲೆಕ್ಕ ಕೇಳಬೇಕು.

ಸಣ್ಣ ವ್ಯಾಪಾರಿಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಅಳಿಯನಿಗೆ ನಾನು ಸೂಚಿಸಿದ್ದು ಇ-ಬೇ ಮಾಡಿದ ಪ್ರಯೋಗದ್ದೇ ಬಡ ರೂಪ. ಖಾನಾಪುರದ ಜಾಹೀರಾತನ್ನು ಕೈಬಿಡಬೇಡ. ಎರಡು ವಾರ ನಡೆಸು, ಎರಡು ವಾರ ನಿಲ್ಲಿಸು, ಹೀಗೆ ಒಂದು ವರ್ಷ ಮಾಡು. ಹಬ್ಬದ ವಾರಗಳನ್ನು ಬೇರೆಯಾಗಿಯೇ ಎಣಿಸು. ಹಣ ಪಡೆಯುವಾಗ ‘ಯಾವೂರಾತ್ರಿ?’ ಎಂದು ಕೇಳಿ, ಊರಿನ ಹೆಸರು ಮತ್ತು ಬಿಲ್ಲಿನ ಮೊತ್ತವನ್ನಷ್ಟೇ ಒಂದು ಪುಸ್ತಕದಲ್ಲಿ ಬರೆ. ಹೆಸರು, ಫೋನ್ ಸಂಖ್ಯೆ ಬೇಡ. ಜಾಹೀರಾತಿದ್ದ ವಾರಗಳಿಗೂ ಇಲ್ಲದ ವಾರಗಳಿಗೂ ವ್ಯತ್ಯಾಸ ಕಂಡರೆ ಅದು ಜಾಹೀರಾತಿನ ಬೆಲೆ. ಕಾಣದಿದ್ದರೆ ಖಾನಾಪುರದ್ದು ಮಾತ್ರವಲ್ಲ, ನಗರದ ಜಾಹೀರಾತಿನ ಬಗ್ಗೆಯೂ ಇದೇ ಪ್ರಶ್ನೆ ಕೇಳು.

ಗಲ್ಲೆಯ ಪಕ್ಕದಲ್ಲಿ ಈಗೊಂದು ಕೆಂಪು ರಟ್ಟಿನ ಪುಸ್ತಕವಿದೆ. ಅಂಗಡಿಯ ಹುಡುಗ ಮೊದಮೊದಲು ಬರೆಯಲು ಮರೆಯುತ್ತಿದ್ದ, ಈಗ ರೂಢಿಯಾಗಿದೆ. ವರ್ಷ ಇನ್ನೂ ಮುಗಿದಿಲ್ಲ. ಕೊನೆಗೆ ಬರುವ ಅಂಕಿ ಖಾನಾಪುರದ ಪರವಾಗಿಯೇ ಇರುತ್ತದೆಂದು ನಾನು ಭರವಸೆ ಕೊಡಲಾರೆ. ಮೊನ್ನೆ ಅಂಗಡಿಗೆ ಹೋದಾಗ ಪುಸ್ತಕ ತೆರೆದು ನೋಡಿದೆ. ಹಿಂದಿನ ದಿನದ ಪುಟದಲ್ಲಿ ಖಾನಾಪುರದ ಹೆಸರು ಏಳು ಕಡೆ ಇತ್ತು.